ನಾದಕ್ಕೊಂದು ನೆಲೆ: ಕಾರಿನೊಳಗಣ ಸಂಗೀತ ಮತ್ತು ಸ್ಪೀಕರಿನ ಸ್ಥಾನವಿಚಾರ

ಬೆಂಗಳೂರಿನ ಕಡೆಯಿಂದ ಅರಸೀಕೆರೆಯನ್ನು ದಾಟಿ ಬಂದ ಹೆದ್ದಾರಿಯು ಕಡೂರಿನ ತೆಂಗಿನ ತೋಟಗಳ ನಡುವೆ ಸಾಗಿ, ಬೀರೂರನ್ನು ಹಾಯ್ದು, ತರೀಕೆರೆಯ ಅಡಿಕೆಯ ಸೀಮೆಯನ್ನು ಮುಟ್ಟುವಷ್ಟರೊಳಗೆ, ಆ ಹಾದಿಯಲ್ಲಿ ಎದುರಾಗುವ ವಾಹನಗಳ ಪೈಕಿ ಹಾಡಿಲ್ಲದ ವಾಹನ ಅಪರೂಪವೆಂದೇ ಹೇಳಬೇಕು. ಕೊಬ್ಬರಿಯ ಮೂಟೆಗಳನ್ನು ಹೇರಿಕೊಂಡ ಗೂಡ್ಸ್ ಗಾಡಿ, ಪ್ರವಾಸಿಗರನ್ನು ಕೆಮ್ಮಣ್ಣುಗುಂಡಿಗೂ ಕಲ್ಲತ್ತಿಗಿರಿಗೂ ಕರೆದೊಯ್ಯುವ ಟ್ಯಾಕ್ಸಿ, ಅಜ್ಜಂಪುರದ ಕಡೆಯಿಂದ ಈರುಳ್ಳಿ ತುಂಬಿಕೊಂಡು ಬರುವ ಟ್ರ್ಯಾಕ್ಟರ್, ಮದುವೆಯ ಮನೆಯವರನ್ನು ಹೊತ್ತ ಕಾರು, ಇವೆಲ್ಲವೂ ತಮ್ಮ ತಮ್ಮ ಹಾಡುಗಳನ್ನು ತಮ್ಮೊಡನೆಯೇ ಕೊಂಡೊಯ್ಯುತ್ತವೆ. ನಮ್ಮ ಜನರಲ್ಲಿ ಬಹುಮಂದಿಗೆ ಸಂಗೀತ ಕಚೇರಿಯೆಂಬುದು ರಾಮನವಮಿಯ ಚಪ್ಪರದಲ್ಲೋ ಗಣಪತಿಯ ಉತ್ಸವದಲ್ಲೋ ವರ್ಷಕ್ಕೊಂದೆರಡು ಬಾರಿ ಒದಗುವ ಭಾಗ್ಯ. ಉಳಿದ ದಿನಗಳಲ್ಲಿ ಅವರು ಸಂಗೀತವನ್ನು ಬಿಡುವಾಗಿ ಕೇಳತಕ್ಕ ಸ್ಥಳವು ಕಾರಿನೊಳಗಣ ಆ ಕಿರಿದಾದ ಕೋಣೆಯೇ ಆಗಿದೆ. ಹೀಗಿರುವಲ್ಲಿ ಆ ಕೋಣೆಯಲ್ಲಿ ನಾದವು ಹೇಗೆ ಕೇಳಿಬರುತ್ತದೆ, ಗಾಯಕನ ಕಂಠ ಎಲ್ಲಿಂದ ಹೊರಟಂತೆ ತೋರುತ್ತದೆ, ಸಾಹಿತ್ಯದ ಅಕ್ಷರಗಳು ಸ್ಫುಟವಾಗಿವೆಯೇ ಎಂಬ ಪ್ರಶ್ನೆಗಳು ಕೇವಲ ಶೋಕಿಯ ಪ್ರಶ್ನೆಗಳೆಂದು ತಳ್ಳಿಹಾಕತಕ್ಕವುಗಳಲ್ಲ.

ಕಾರಿಗೆ ಸ್ಪೀಕರ್ ಹಾಕಿಸುವವರು ಸಾಮಾನ್ಯವಾಗಿ ಕೇಳುವ ಮೊದಲನೆಯ ಮಾತು ಕಂಪನಿ ಯಾವುದು ಎಂಬುದು. ಎರಡನೆಯದು ಎಷ್ಟು ವಾಟ್ಸ್ ಎಂಬುದು. ಎಲ್ಲಿ ಕೂರಿಸುತ್ತೀರಿ, ಹೇಗೆ ಕೂರಿಸುತ್ತೀರಿ ಎಂದು ಕೇಳುವವರು ವಿರಳ. ಆದರೆ ಧ್ವನಿಶಾಸ್ತ್ರದ ನಿಯಮಗಳನ್ನು ತಕ್ಕಮಟ್ಟಿಗೆ ಬಲ್ಲ ಯಾರಾದರೂ ಒಪ್ಪಬೇಕಾದ ಸಂಗತಿ ಏನೆಂದರೆ, ಸಾಧಾರಣ ಬೆಲೆಯ ಸ್ಪೀಕರು ತಕ್ಕ ಸ್ಥಾನದಲ್ಲಿ ಭದ್ರವಾಗಿ ಕುಳಿತಾಗ ಕೊಡುವ ಸುಖವನ್ನು ದುಬಾರಿಯ ಸ್ಪೀಕರು ತಪ್ಪು ಸ್ಥಾನದಲ್ಲಿ ಸಡಿಲವಾಗಿ ಕುಳಿತಾಗ ಕೊಡಲಾರದು. ಈ ಒಂದು ಮಾತನ್ನು ಕಾರಣಸಹಿತವಾಗಿ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಹಾಡು ಗಾಡಿಯನ್ನೇರಿದ ಬಗೆ

ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವನ್ನುಳ್ಳ ಅಜ್ಜಂಪುರದ ಸೀಮೆಯಲ್ಲಿ, ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸಾಲುಗಟ್ಟಿ ಹೊರಡುವ ಗಾಡಿಗಳಿಗೆ ಎತ್ತಿನ ಕೊರಳ ಗಂಟೆಯೂ ಹೂಡಿದವನ ಕಂಠವೂ ಅನಾದಿಯಿಂದ ಸಂಗೀತವನ್ನು ಒದಗಿಸುತ್ತ ಬಂದಿದ್ದವು. ಯಂತ್ರದ ಗಾಡಿಗೆ ಯಂತ್ರದ ಹಾಡು ಸೇರಿದುದು 1930ರಲ್ಲಿ. ಅಮೆರಿಕದ ಗಾಲ್ವಿನ್ ಸೋದರರು ‘ಮೋಟರೋಲಾ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದ ವರ್ಷವದು. ಅದಾದ ಐದು ವರ್ಷಕ್ಕೆ, 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸತೊಡಗಿದರು. 1965ರಲ್ಲಿ ಭದ್ರಾವತಿಯ ನಿಲಯವು ಪ್ರಾರಂಭವಾದ ಮೇಲೆ 675 ಕಿಲೋಹರ್ಟ್ಸಿನ ಆ ಧ್ವನಿ ಕಡೂರು ತರೀಕೆರೆಗಳ ಮನೆಗಳಲ್ಲಿಯೂ ಲಾರಿಗಳ ಮುಂಭಾಗದಲ್ಲಿಯೂ ನೆಲಸಿತು. 1963ರಲ್ಲಿ ಫಿಲಿಪ್ಸ್ ಕಂಪನಿಯವರು ರೂಪಿಸಿದ ಕ್ಯಾಸೆಟ್ಟು ನಮ್ಮಲ್ಲಿಗೆ ಬಂದು, 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ವು ಕನ್ನಡದ ಮೊದಲ ಭಾವಗೀತೆಯ ಕ್ಯಾಸೆಟ್ಟಾಗಿ ಹೊರಬಂದಾಗ, ಇಷ್ಟಬಂದ ಹಾಡನ್ನು ಇಷ್ಟಬಂದ ದಾರಿಯಲ್ಲಿ ಕೇಳುವ ಸ್ವಾತಂತ್ರ್ಯವು ಕನ್ನಡಿಗನಿಗೆ ಕೈಗೂಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಕಾರು ಮಧ್ಯಮವರ್ಗದ ಮನೆಗಳ ಮುಂದೆ ನಿಲ್ಲತೊಡಗಿತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯತ್ನವನ್ನು ಇಲ್ಲಿ ಸ್ಮರಿಸುವುದು ಉಚಿತ. ಬಂಗಾಳದಿಂದ ವಲಸೆ ಹೋದ ತಂದೆಯ ಮಗನಾದ ಅಮರ್ ಬೋಸರು, 1983ನೆಯ ಮಾದರಿವರ್ಷದ ಕ್ಯಾಡಿಲ್ಯಾಕ್ ಮೊದಲಾದ ಜನರಲ್ ಮೋಟರ್ಸಿನ ಕಾರುಗಳಿಗಾಗಿ, ಒಂದೊಂದು ಕಾರಿನ ಒಳಾಂಗಣಕ್ಕೂ ಹೊಂದುವಂತೆ ಧ್ವನಿವ್ಯವಸ್ಥೆಯನ್ನು ರಚಿಸಿಕೊಟ್ಟರು. ಯಾವ ಸ್ಪೀಕರನ್ನಾದರೂ ಯಾವ ಕಾರಿಗಾದರೂ ತಿರುಪು ಹಾಕಿ ಬಿಗಿದರಾಯಿತೆಂಬ ಅಂದಿನ ರೂಢಿಗೆ ಇದು ಉತ್ತರವಾಗಿದ್ದಿತು. ಕಾರಿನ ಒಳಾಂಗಣವೇ ವಾದ್ಯದ ಒಂದು ಅಂಗ, ಅದನ್ನು ಅಳೆಯದೆ ಸ್ಪೀಕರನ್ನು ಆರಿಸಕೂಡದು ಎಂಬ ತತ್ತ್ವವು ಅಲ್ಲಿಂದ ಮುಂದೆ ಬಲ್ಲವರ ನಡುವೆ ಸ್ಥಿರಪಟ್ಟಿತು.

ಭರತನ ವಿಧಿ, ಅಮೃತಾಪುರದ ಕಂಬ

ಈ ತತ್ತ್ವವು ನಮಗೆ ಹೊಸದಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತನು ಪ್ರೇಕ್ಷಾಗೃಹದ ಮೂರು ಪ್ರಮಾಣಗಳನ್ನು ಹೇಳಿ, 108 ಹಸ್ತದ ದೊಡ್ಡ ಮಂಟಪವನ್ನು ಬಿಟ್ಟು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂಟಪವನ್ನೇ ಮನುಷ್ಯರಿಗೆ ವಿಧಿಸುತ್ತಾನೆ; ಅದಕ್ಕಿಂತ ಹಿರಿದಾದಲ್ಲಿ ನಟನ ಮಾತು ಅಸ್ಪಷ್ಟವಾಗುವುದೆಂದು ಕಾರಣವನ್ನೂ ಕೊಡುತ್ತಾನೆ. ಮಂಟಪವು ಪರ್ವತದ ಗುಹೆಯ ಆಕಾರದಲ್ಲಿರಬೇಕು, ಗವಾಕ್ಷಗಳು ಸಣ್ಣವಾಗಿರಬೇಕು, ಗಾಳಿಯ ಹೊಡೆತ ಇರಕೂಡದು, ಆಗ ಮಾತ್ರ ಕಂಠಕ್ಕೂ ವಾದ್ಯಕ್ಕೂ ಗಾಂಭೀರ್ಯವು ಒದಗುವುದು ಎಂಬುದು ಅವನ ಮತ. ಧ್ವನಿಗೆ ತಕ್ಕ ಮನೆಯನ್ನು ಕಟ್ಟಿದ ಮೇಲೆಯೇ ಹಾಡುಗಾರನನ್ನು ಕರೆಯಬೇಕೆಂಬ ವಿವೇಕವು ಇಲ್ಲಿದೆ.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನು ಈ ದೃಷ್ಟಿಯಿಂದ ನೋಡಬಹುದು. ಅಲ್ಲಿಯ ಮಂಟಪದಲ್ಲಿ ಕಡೆದು ನಿಲ್ಲಿಸಿದ ದುಂಡುಕಂಬಗಳ ಮೇಲೆ ಬಿದ್ದ ಧ್ವನಿಯು ಅನೇಕ ದಿಕ್ಕುಗಳಿಗೆ ಚದರಿಹೋಗುತ್ತದೆ. ಉಬ್ಬಿದ ಮೇಲ್ಮೈಗೆ ಆ ಗುಣವಿದೆ. ಚಪ್ಪಟೆಯಾದ, ಗಡುಸಾದ ಮೇಲ್ಮೈಯಾದರೋ ಧ್ವನಿಯನ್ನು ಚದರಿಸದೆ ಒಂದೇ ದಿಕ್ಕಿಗೆ ಇಡಿಯಾಗಿ ಹಿಂದಿರುಗಿಸುತ್ತದೆ. ಕಾರಿನಲ್ಲಿ ಮುಂದೆಯೂ ಹಿಂದೆಯೂ ಎಡಬಲಗಳಲ್ಲಿಯೂ ಇರುವುದು ಗಾಜು. ಕೆಳಗೆ ಮೆತ್ತೆಯ ಆಸನ, ಅದು ಮೇಲುಸ್ವರಗಳನ್ನು ನುಂಗುತ್ತದೆ. ಸುತ್ತಲೂ ತೆಳುವಾದ ತಗಡು, ಅದು ಮಂದ್ರಕ್ಕೆ ತಾನೂ ಕಂಪಿಸುತ್ತದೆ. ನೋಡುವುದಕ್ಕೂ ಓಡಿಸುವುದಕ್ಕೂ ಅನುಕೂಲವಾಗಿ ಕಟ್ಟಿದ ಈ ಮನೆಯು ಕೇಳುವುದಕ್ಕಾಗಿ ಕಟ್ಟಿದುದಲ್ಲ. ಸ್ಪೀಕರ್ ಕೂರಿಸುವವನ ವಿದ್ಯೆಯೆಲ್ಲವೂ ಈ ಪ್ರತಿಕೂಲವನ್ನು ಬುದ್ಧಿಯಿಂದ ಗೆಲ್ಲುವುದರಲ್ಲಿದೆ.

ಕೇಳುಗನು ಕುಳಿತ ಎಡೆ

ಸಂಗೀತ ಸಭೆಯಲ್ಲಿ ರಸಿಕನು ವೇದಿಕೆಗೆ ಅಭಿಮುಖನಾಗಿ ಕೂರುತ್ತಾನೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಸ್ಟೀರಿಯೋ ಪದ್ಧತಿಯೂ ಎರಡು ಸ್ಪೀಕರುಗಳಿಂದ ಸಮದೂರದಲ್ಲಿ ಕುಳಿತ ಕೇಳುಗನನ್ನೇ ಭಾವಿಸಿಕೊಂಡಿದೆ. ಎರಡೂ ಕಡೆಯಿಂದ ಸಮನಾದ ಧ್ವನಿ ಏಕಕಾಲದಲ್ಲಿ ಕಿವಿಗಳನ್ನು ಸೇರಿದಾಗ ಗಾಯಕನು ನಟ್ಟನಡುವೆ ನಿಂತು ಹಾಡಿದ ಪ್ರತೀತಿಯುಂಟಾಗುವುದು. ಕಾರಿನಲ್ಲಿ ಈ ಸಮತೆಯು ಮೊದಲ ಹೆಜ್ಜೆಯಲ್ಲಿಯೇ ಮುರಿಯುತ್ತದೆ. ನಮ್ಮ ದೇಶದ ಕಾರುಗಳಲ್ಲಿ ಚಾಲಕನು ಬಲಬಾಗಿಲಿಗೆ ಒತ್ತಿಕೊಂಡು ಕುಳಿತಿರುವುದರಿಂದ, ಬಲಬಾಗಿಲ ಸ್ಪೀಕರು ಅವನ ತಲೆಗೆ ಸುಮಾರು 90 ಸೆಂಟಿಮೀಟರ್ ದೂರದಲ್ಲಿಯೂ ಎಡಬಾಗಿಲದು ಸುಮಾರು 150 ಸೆಂಟಿಮೀಟರ್ ದೂರದಲ್ಲಿಯೂ ಇವೆಯೆಂದು ಇಟ್ಟುಕೊಳ್ಳೋಣ. ಧ್ವನಿಯು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದಾದ್ದರಿಂದ, 60 ಸೆಂಟಿಮೀಟರಿನ ಈ ಅಂತರದಿಂದ ಎಡಗಡೆಯ ಧ್ವನಿಯು ಸುಮಾರು 1.75 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ದೂರದಿಂದ ಬಂದುದರಿಂದ ಸುಮಾರು 4 ಡೆಸಿಬೆಲ್ ಕುಗ್ಗಿಯೂ ಬರುತ್ತದೆ.

ಇಷ್ಟು ಅಲ್ಪಕಾಲದ ಭೇದವನ್ನು ಕಿವಿಯು ಗುರುತಿಸಬಲ್ಲುದೇ ಎಂದು ಸಂದೇಹಪಡುವವರಿಗೆ ಉತ್ತರವು 1907ರಷ್ಟು ಹಿಂದೆಯೇ ದೊರೆತಿದೆ. ಮಂದ್ರಧ್ವನಿಗಳ ದಿಕ್ಕನ್ನು ಎರಡು ಕಿವಿಗಳಿಗೆ ಅವು ತಲಪುವ ಕಾಲಭೇದದಿಂದಲೂ ಮೇಲುಧ್ವನಿಗಳ ದಿಕ್ಕನ್ನು ಅವುಗಳ ಬಲಭೇದದಿಂದಲೂ ನಾವು ನಿರ್ಣಯಿಸುತ್ತೇವೆಂದು ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಯು ಆಗಲೇ ವಿವರಿಸಿದ್ದನು. ಪ್ರಕೃತಿಯಲ್ಲಿ ಒಂದು ಕಿವಿಯಿಂದ ಇನ್ನೊಂದಕ್ಕೆ ಆಗಬಹುದಾದ ಅತ್ಯಧಿಕ ಕಾಲಭೇದವು ಒಂದು ಮಿಲಿಸೆಕೆಂಡಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ; ನಮ್ಮ ಕಾರಿನ ಕಾಲಭೇದವು ಅದಕ್ಕಿಂತಲೂ ಹೆಚ್ಚು. ಒಂದೇ ಧ್ವನಿಯು ಎರಡು ಕಡೆಯಿಂದ ಬಂದಾಗ ಮೊದಲು ಬಂದ ಕಡೆಯನ್ನೇ ಮನಸ್ಸು ಧ್ವನಿಯ ಮೂಲವೆಂದು ಗ್ರಹಿಸುತ್ತದೆಂಬುದನ್ನು 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್‌ನೂ ಅಮೆರಿಕದಲ್ಲಿ ವಾಲಾಕ್ ಮತ್ತು ಅವನ ಸಂಗಡಿಗರೂ ಪ್ರಯೋಗಗಳಿಂದ ತೋರಿಸಿದರು. ಆದುದರಿಂದ ನಮ್ಮ ಚಾಲಕನ ಪಾಲಿಗೆ ಗಾಯಕನೂ ಪಿಟೀಲೂ ಮೃದಂಗವೂ ಬಲಮೊಣಕಾಲಿನ ಬಳಿ ಒಂದೇ ಗುಂಪಾಗಿ ಕುಸಿದು ಕುಳಿತಂತಾಗುತ್ತದೆ. ಎಡಬಲ ಬ್ಯಾಲೆನ್ಸನ್ನು ತಿರುಗಿಸಿದರೆ ಬಲಭೇದವು ಸರಿಹೋದೀತು. ಕಾಲಭೇದವು ಹಾಗೆಯೇ ಉಳಿಯುವುದು.

ಇದಕ್ಕೆ ಎರಡು ಪರಿಹಾರಗಳುಂಟು. ಸ್ಪೀಕರುಗಳನ್ನು ಸಾಧ್ಯವಾದಷ್ಟು ಮುಂದಕ್ಕೆ, ಕಾಲಬದಿಯ ಕಿಕ್ ಪ್ಯಾನಲಿನವರೆಗೆ, ಸರಿಸುವುದು ಮೊದಲನೆಯದು. ಹೀಗೆ ಸರಿಸಿದಷ್ಟೂ ಎಡಬಲಗಳ ದೂರದ ವ್ಯತ್ಯಾಸವು ಕಡಿಮೆಯಾಗುತ್ತದೆ. ಆದರೆ ನಮ್ಮ ಕಾರುಗಳಲ್ಲಿ ಬಲಗಡೆಯ ಆ ಜಾಗದ ಪಕ್ಕದಲ್ಲಿಯೇ ಆಕ್ಸಿಲರೇಟರ್ ಪೆಡಲ್ ಇರುವುದರಿಂದ ಪಾದದ ಸ್ವಾತಂತ್ರ್ಯಕ್ಕೆ ಎಳ್ಳಷ್ಟೂ ಅಡ್ಡಿಯಾಗದಂತೆ ಇದನ್ನು ಮಾಡುವುದು ಕಷ್ಟ. ಅಡ್ಡಿಯಾಗುವಂತಿದ್ದರೆ ಆ ಯೋಚನೆಯನ್ನು ಕೈಬಿಡುವುದೇ ಸರಿ. ಎರಡನೆಯದು, ಡಿಎಸ್‌ಪಿ ಎಂಬ ಉಪಕರಣದಿಂದಲೋ ಇಂದಿನ ಅನೇಕ ಸ್ಟೀರಿಯೋಗಳಲ್ಲಿಯೇ ಇರುವ ಟೈಮ್ ಅಲೈನ್‌ಮೆಂಟಿನಿಂದಲೋ, ಹತ್ತಿರದ ಸ್ಪೀಕರನ್ನು ಆ 1.75 ಮಿಲಿಸೆಕೆಂಡ್ ತಡೆದು ನಿಲ್ಲಿಸುವುದು. ಅಳತೆಯ ಟೇಪು ಹಿಡಿದು ಪ್ರತಿಯೊಂದು ಸ್ಪೀಕರಿನಿಂದ ತಲೆಯವರೆಗಿನ ದೂರವನ್ನು ಅಳೆದು ತುಂಬಿದರೆ, ಕುಸಿದು ಕುಳಿತಿದ್ದ ಮೇಳವು ಎದ್ದು ಗಾಜಿನ ಮುಂದೆ ಹರಡಿ ನಿಂತಂತಾಗುವುದು. ಆದರೆ ಚಾಲಕನಿಗೆ ಸರಿಪಡಿಸಿದುದು ಪಕ್ಕದಲ್ಲಿ ಕುಳಿತವರಿಗೆ ಇಮ್ಮಡಿ ಕೆಡುತ್ತದೆ. ಒಬ್ಬನೇ ಓಡಾಡುವ ವ್ಯಾಪಾರಿಯ ಕಾರಿಗೆ ಇದು ಯುಕ್ತ. ಮನೆಮಂದಿಯೆಲ್ಲ ಕೂಡಿ ಹೋಗುವ ಕಾರಿಗೆ ಅರ್ಧದಷ್ಟನ್ನು ಮಾತ್ರ ಸರಿಪಡಿಸಿ, ಎಲ್ಲರಿಗೂ ಒಂದು ಪಾಲು ಸಿಗುವಂತೆ ನೋಡುವುದು ನ್ಯಾಯ.

ಬಾಗಿಲೇ ವಾದ್ಯದ ಒಡಲು

1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು ಪ್ರಕಟಿಸಿದ ಸುರುಳಿ ಸ್ಪೀಕರಿನ ತತ್ತ್ವವೇ ಇಂದಿಗೂ ನಡೆದುಬಂದಿದೆ: ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನು. ಕೋನು ಮುಂದಕ್ಕೆ ನೂಕಿದಾಗ ಎದುರಿನ ಗಾಳಿ ಒತ್ತಲ್ಪಡುವಂತೆಯೇ ಹಿಂದಿನ ಗಾಳಿ ವಿರಳವಾಗುತ್ತದೆ. ಈ ಎರಡು ವಿರುದ್ಧ ಅಲೆಗಳು ಒಂದನ್ನೊಂದು ಸಂಧಿಸಿದರೆ ಮಂದ್ರಸ್ವರವು ಅಲ್ಲಿಯೇ ಲಯವಾಗುವುದು. ಕಾರಿನ ಬಾಗಿಲಿನ ಒಳತಗಡಿನಲ್ಲಿ, ಗಾಜಿನ ಯಂತ್ರವನ್ನು ರಿಪೇರಿ ಮಾಡುವುದಕ್ಕೆಂದು ದೊಡ್ಡ ದೊಡ್ಡ ಕಿಂಡಿಗಳಿರುತ್ತವೆ. ಅವುಗಳ ಮೂಲಕ ಹಿಂದಿನ ಅಲೆಯು ಸರಾಗವಾಗಿ ಮುಂದಕ್ಕೆ ಹರಿದುಬರುತ್ತದೆ. ಬಾಗಿಲನ್ನು ಮುಚ್ಚದೆ ಸ್ಪೀಕರನ್ನು ಮಾತ್ರ ಬದಲಾಯಿಸುವುದು, ಬುರುಡೆ ಸೀಳಿದ ತಂಬೂರಿಗೆ ಹೊಸ ತಂತಿ ಕಟ್ಟಿ ಶ್ರುತಿಗಾಗಿ ಕಾದಂತೆ.

ಆದುದರಿಂದ ಬಲ್ಲ ಕೆಲಸಗಾರನು ಡೋರ್ ಪ್ಯಾಡನ್ನು ಬಿಚ್ಚಿ, ಹೊರತಗಡಿನ ಒಳಮೈಗೆ ಅಲ್ಯೂಮಿನಿಯಂ ಹಾಳೆಯ ಬೆನ್ನುಳ್ಳ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟನ್ನು ರೋಲರಿನಿಂದ ಒತ್ತಿ ಅಂಟಿಸಿ ತಗಡಿನ ಕಂಪನವನ್ನು ಅಡಗಿಸುತ್ತಾನೆ. ಒಳತಗಡಿನ ಕಿಂಡಿಗಳನ್ನು ಗಡುಸಾದ ಹಾಳೆಯಿಂದ ಮುಚ್ಚುತ್ತಾನೆ. ಸ್ಪೀಕರಿಗೂ ತಗಡಿಗೂ ನಡುವೆ ದಪ್ಪನಾದ ರಿಂಗನ್ನು ಕೂರಿಸಿ, ಸ್ಪೀಕರಿಗೂ ಡೋರ್ ಪ್ಯಾಡಿಗೂ ನಡುವಣ ಸಂದನ್ನು ಫೋಮಿನಿಂದ ತುಂಬುತ್ತಾನೆ. ಗಾಜನ್ನು ಪೂರ್ತಿ ಇಳಿಸಿ ಸ್ಪೀಕರಿನ ಕಾಂತಕ್ಕೆ ಅದು ತಾಗದೆಂಬುದನ್ನು ನೋಡಿಕೊಂಡ ಮೇಲೆಯೇ ತಿರುಪುಗಳನ್ನು ಬಿಗಿಯುತ್ತಾನೆ.

ಕಡೂರು, ತರೀಕೆರೆ, ಅಜ್ಜಂಪುರವೆಂಬ ನಮ್ಮ ಮೂರು ಊರುಗಳ ಹವೆಗೆ ಇಲ್ಲಿ ವಿಶೇಷವಾದ ಮಾತೊಂದುಂಟು. ತರೀಕೆರೆಯಿಂದ ಪಶ್ಚಿಮಕ್ಕೆ ಬೆಟ್ಟಗಳ ಕಡೆಗೆ ಹೋದಂತೆಲ್ಲ ಮಳೆಗಾಲವು ಬಿರುಸಾಗುತ್ತದೆ. ಗಾಜಿನ ಮೇಲೆ ಇಳಿದ ನೀರು ಬಾಗಿಲ ಒಳಗೆ ಸೇರಿ, ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಕ್ಕೆ ಹರಿಯುವಂತೆ ಕಾರಿನ ರಚನೆಯಿದೆ. ಡ್ಯಾಂಪಿಂಗಿನ ಉತ್ಸಾಹದಲ್ಲಿ ಆ ರಂಧ್ರಗಳನ್ನು ಎಂದಿಗೂ ಮುಚ್ಚಕೂಡದು. ಮುಚ್ಚಿದರೆ ನೀರು ನಿಂತು ಬಾಗಿಲು ತುಕ್ಕುಹಿಡಿಯುವುದು. ಅಗ್ಗವೆಂದು ಎಂಡಿಎಫ್ ಹಲಗೆಯ ರಿಂಗನ್ನು ಹಾಕಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಉಬ್ಬಿ ತಿರುಪಿನ ಹಿಡಿತವನ್ನು ಬಿಡಬಹುದು. ನೀರನ್ನು ತಡೆಯುವ ಪ್ಲೈವುಡ್ಡೋ ಪ್ಲಾಸ್ಟಿಕ್ಕಿನ ರಿಂಗೋ ಆ ಕಡೆಗೆ ಯೋಗ್ಯ. ಕಡೂರು ಅಜ್ಜಂಪುರಗಳ ಬಯಲಿನಲ್ಲಿ ನೀರಿಗಿಂತ ಧೂಳೂ ಬಿಸಿಲೂ ಹೆಚ್ಚಿನ ಶತ್ರುಗಳು. ಬಿಸಿಲಿಗೆ ಕರಗಿ ಜಾರುವ ಡಾಂಬರಿನ ಶೀಟುಗಳನ್ನು ಅಲ್ಲಿ ಬಳಸಬಾರದು. ಅವುಗಳ ವಾಸನೆಯೂ ಬೇಸಿಗೆಯಲ್ಲಿ ಅಸಹನೀಯವಾಗುತ್ತದೆ.

ಟ್ವೀಟರಿನ ಮುಖ, ಅಕ್ಷರದ ಸ್ಫುಟತೆ

100 ಹರ್ಟ್ಸಿನ ಅಲೆಯ ಉದ್ದವು ಸುಮಾರು 3.4 ಮೀಟರ್, 10,000 ಹರ್ಟ್ಸಿನದು ಸುಮಾರು 3.4 ಸೆಂಟಿಮೀಟರ್ ಮಾತ್ರ. ದೊಡ್ಡ ಅಲೆಯು ಆಸನಗಳನ್ನು ಬಳಸಿಕೊಂಡು ಎಲ್ಲೆಡೆಗೂ ಹರಡುತ್ತದೆ. ಸಣ್ಣ ಅಲೆಯು ನೇರವಾಗಿ ನಡೆದು ಅಡ್ಡ ಬಂದ ಮೊಣಕಾಲಿಗೂ ತಡೆಯಲ್ಪಡುತ್ತದೆ. ಬಾಗಿಲ ತಳದಲ್ಲಿರುವ ಸ್ಪೀಕರಿನಿಂದ ಮೇಲುಸ್ವರಗಳು ಕಿವಿಯನ್ನು ಸರಿಯಾಗಿ ಮುಟ್ಟದಿರುವುದಕ್ಕೆ ಇದೇ ಕಾರಣ. ಸ, ಶ, ಷಗಳ ಉಜ್ಜು, ತ, ಟಗಳ ಪೆಟ್ಟು, ಮಹಾಪ್ರಾಣಗಳ ಉಸಿರು, ಇವೆಲ್ಲವೂ ಇರುವುದು ಮೇಲಿನ ಕಂಪನಗಳಲ್ಲಿ. ಇವು ಮಸುಕಾದರೆ ಭಾವಗೀತೆಯಲ್ಲಿ ಭಾವವನ್ನು ಹೊತ್ತ ಮಾತೇ ಕಳೆದುಹೋಗುವುದು. ಶಿವಮೊಗ್ಗ ಸುಬ್ಬಣ್ಣನವರಂಥ ಗಾಯಕರು ಒಂದೊಂದು ಅಕ್ಷರಕ್ಕೂ ಕೊಟ್ಟ ಗೌರವವು ನಮ್ಮ ಬಾಗಿಲಿನ ಜಾಳಿಗೆಯ ಹಿಂದೆ ವ್ಯರ್ಥವಾಗಕೂಡದು.

ಆದುದರಿಂದ ಕೆಳಸ್ವರಗಳ ವೂಫರನ್ನು ಬಾಗಿಲಲ್ಲಿಯೂ ಮೇಲುಸ್ವರಗಳ ಟ್ವೀಟರನ್ನು ಬೇರೆಯಾಗಿ ಕಿವಿಯ ಎತ್ತರಕ್ಕೆ ಸಮೀಪದಲ್ಲಿಯೂ ಇಡುವ ‘ಕಾಂಪೊನೆಂಟ್’ ಪದ್ಧತಿಯು ಮೇಲಾದುದು. ಟ್ವೀಟರನ್ನು ಕನ್ನಡಿಯ ಹಿಂದಿನ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡಿನ ಮೂಲೆಯಲ್ಲೋ ಮುಂಗಾಜಿನ ಪಕ್ಕದ ಕಂಬದಲ್ಲೋ ಇಡಬಹುದು. ಆದರೆ ಗಾಜಿನಿಂದ ಪ್ರತಿಫಲಿಸಿದ ಧ್ವನಿಯು ನೇರ ಧ್ವನಿಗಿಂತ 6 ಸೆಂಟಿಮೀಟರ್ ಹೆಚ್ಚು ದಾರಿ ನಡೆದು ಬಂದರೆ, 2,850 ಹರ್ಟ್ಸಿನ ಸುಮಾರಿನಲ್ಲಿ ಅವೆರಡೂ ಒಂದನ್ನೊಂದು ಕುಗ್ಗಿಸುತ್ತವೆ. ವ್ಯಂಜನಗಳ ಸ್ಫುಟತೆಗೆ ಮುಖ್ಯವಾದ ಪ್ರದೇಶವೇ ಅದು. ಟ್ವೀಟರಿನ ಮುಖವನ್ನು ನಾಲ್ಕಾರು ಡಿಗ್ರಿ ತಿರುಗಿಸಿದ ಮಾತ್ರಕ್ಕೆ ಕಂಠವು ಬೇರೆಯಾಗಿ ಕೇಳಿಸುವುದು ಇದರಿಂದಲೇ. ಕೊರೆಯುವ ಮೊದಲು ಎರಡು ಮೈಯ ಅಂಟುಪಟ್ಟಿಯಿಂದ ಟ್ವೀಟರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹಲವು ಕೋನಗಳಲ್ಲಿ ಕೇಳಿ, ಒಪ್ಪಿಗೆಯಾದ ಮೇಲೆಯೇ ತೂತು ಮಾಡುವ ತಾಳ್ಮೆಯುಳ್ಳವನು ನಿಜವಾದ ಕುಶಲಿ. ಪರದೆಯ ಏರ್‌ಬ್ಯಾಗ್ ಇರುವ ಹೊಸ ಕಾರುಗಳಲ್ಲಿ ಮಾತ್ರ ಆ ಕಂಬಗಳನ್ನು ಮುಟ್ಟಕೂಡದು. ಪ್ರಾಣರಕ್ಷಣೆಯ ಮುಂದೆ ಸ್ವರಶುದ್ಧಿಯು ಎರಡನೆಯದು.

ಬೆನ್ನ ಹಿಂದಣ ಹಾಡು, ಡಿಕ್ಕಿಯ ಮಂದ್ರ

ಹಿಂದಿನ ಗಾಜಿನ ಕೆಳಗೆ, ಪಾರ್ಸೆಲ್ ಟ್ರೇಯ ಮೇಲೆ, ಆರು-ಒಂಬತ್ತು ಅಂಗುಲದ ಅಂಡಾಕಾರದ ಸ್ಪೀಕರುಗಳನ್ನು ಕೂರಿಸುವ ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಸೆಡಾನಿನಲ್ಲಿ ಇಡೀ ಡಿಕ್ಕಿಯೇ ಅವಕ್ಕೆ ಪೆಟ್ಟಿಗೆಯಾಗಿ ಒದಗುವುದರಿಂದ ಮಂದ್ರವು ಸುಲಭವಾಗಿ ದೊರೆಯುತ್ತದೆ. ಕೂರಿಸುವ ಶ್ರಮವೂ ಕಡಿಮೆ. ಆದರೆ ಮುಂದೆ ಕುಳಿತವರಿಗೆ ಗಾಯಕನು ಬೆನ್ನ ಹಿಂದೆ ನಿಂತು ಹಾಡಿದಂತಾಗುತ್ತದೆ. ಯಾವ ಸಭೆಯಲ್ಲಿಯೂ ರಸಿಕರು ಗಾಯಕನಿಗೆ ಬೆನ್ನು ತಿರುಗಿಸಿ ಕೂರುವುದಿಲ್ಲ. ಹಿಂದೆ ಸ್ಪೀಕರುಗಳಿದ್ದರೆ, ಹಿಂದೆ ಕುಳಿತವರಿಗೆ ಕೊರತೆಯಾಗದಷ್ಟು ಮಾತ್ರ ಮೆಲ್ಲಗೆ ಅವು ನುಡಿಯಬೇಕು. ಹಣದಲ್ಲಿ ಹೆಚ್ಚಿನ ಪಾಲು ಮುಂದಿನ ಬಾಗಿಲುಗಳಿಗೇ ಸಲ್ಲಬೇಕು.

ಮಂದ್ರದ ವಿಷಯವು ಇದಕ್ಕಿಂತ ಭಿನ್ನ. 80 ಹರ್ಟ್ಸಿನ ಅಲೆಯು 4 ಮೀಟರಿಗಿಂತ ಉದ್ದವಾದುದರಿಂದ ಅದರ ದಿಕ್ಕನ್ನು ಕಾರಿನೊಳಗೆ ಕಿವಿ ಕಂಡುಹಿಡಿಯಲಾರದು. ಆದುದರಿಂದ ಸಬ್‌ವೂಫರನ್ನು ಡಿಕ್ಕಿಯಲ್ಲಿಯೋ ಆಸನದ ಕೆಳಗೋ ಇಡಬಹುದು. ಅದರ ಮೇಲೆ ಪ್ರಕೃತಿಯ ಉಪಕಾರವೊಂದಿದೆ: ಅಲೆಯು ಕಾರಿನ ಒಡಲಿಗಿಂತ ಬಹಳ ಹಿರಿದಾದಾಗ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಲ್ಪಟ್ಟು, ಸಾಮಾನ್ಯ ಕಾರಿನಲ್ಲಿ ಸುಮಾರು 60 ಅಥವಾ 70 ಹರ್ಟ್ಸಿನಿಂದ ಕೆಳಕ್ಕೆ ಇಳಿದಂತೆ ಮಂದ್ರವು ತಾನೇ ತಾನಾಗಿ ಬಲಗೊಳ್ಳುತ್ತದೆ. ಮನೆಯ ಕೋಣೆಯಲ್ಲಿ ದೊಡ್ಡ ಪೆಟ್ಟಿಗೆ ಬೇಕಾದಲ್ಲಿ ಕಾರಿನಲ್ಲಿ ಹತ್ತು ಅಂಗುಲದ ಒಂದೇ ವೂಫರು, ಸುಮಾರು 20 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ, ಸಾಕಾಗುವುದು. ಇದನ್ನರಿಯದೆ ಡಿಕ್ಕಿಯ ತುಂಬ ವೂಫರುಗಳನ್ನು ತುಂಬಿ ನಂಬರ್ ಪ್ಲೇಟೂ ಡಿಕ್ಕಿಯ ಬಾಗಿಲೂ ಕಟಕಟಿಸುವಂತೆ ಮಾಡುವುದರಿಂದ ಮಂದ್ರವು ಹೆಚ್ಚುವುದಿಲ್ಲ, ಗದ್ದಲವು ಹೆಚ್ಚುತ್ತದೆ.

ಮಂದ್ರದ ಶುದ್ಧಿಯನ್ನು ಪರೀಕ್ಷಿಸುವುದಕ್ಕೆ ಮೃದಂಗಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಕೇವಲ ಸದ್ದಾಗುತ್ತವೆ. ಮೃದಂಗದ ಬಲಮುಖದ ನಡುವೆ ಮೆತ್ತಿದ ಕರಣೆಯು ಆ ಉಪಸ್ವರಗಳನ್ನು ತಂತಿವಾದ್ಯದಂತೆ ಕ್ರಮಬದ್ಧವಾಗಿಸುತ್ತದೆಂಬುದನ್ನು ಸಿ. ವಿ. ರಾಮನ್‌ರು 1920ರಿಂದಲೇ ಶೋಧಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ನಿಮ್ಮ ಕಾರಿನಲ್ಲಿ ಬಲಮುಖದ ನಾದವು ಶ್ರುತಿಯಲ್ಲಿ ನಿಂತು, ಎಡಮುಖದ ಗುಂಕಿಯು ಅದಕ್ಕಿಂತ ಬೇರೆಯಾಗಿ, ಮೊದಲಾದಲ್ಲಿಯೇ ಮುಗಿಯುವಂತೆ ಕೇಳಿಬಂದರೆ ಕೆಲಸವು ಸರಿಯಾಗಿದೆ. ಎರಡೂ ಒಂದೇ ಬಗೆಯ ‘ಧುಂ’ ಎಂದು ಎಳೆದುಕೊಂಡು ಹೋದರೆ ಪೆಟ್ಟಿಗೆಯನ್ನೋ, ಸ್ವರಗಳನ್ನು ಸ್ಪೀಕರುಗಳಿಗೆ ಹಂಚುವ ಕ್ರಾಸ್‌ಓವರನ್ನೋ ಮತ್ತೆ ನೋಡಬೇಕು.

ವಾಟ್ಸಿನ ಲೆಕ್ಕ, ಕಿವಿಯ ಲೆಕ್ಕ

ಸ್ಟೀರಿಯೋದ ಮುಖದ ಮೇಲೆ 50 ವಾಟ್ಸ್ × 4 ಎಂದು ಮುದ್ರಿಸಿರುವುದನ್ನು ಎಲ್ಲರೂ ಕಂಡಿದ್ದಾರೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್; ಸ್ಪೀಕರಿನ ತಡೆ 4 ಓಮ್. ಈ ವೋಲ್ಟೇಜಿನಲ್ಲಿ ಶುದ್ಧವಾದ ಸ್ವರದಿಂದ ದೊರೆಯಬಹುದಾದ ಅತ್ಯಧಿಕ ಶಕ್ತಿಯು ಲೆಕ್ಕದ ಪ್ರಕಾರವೇ 26 ವಾಟ್ಸನ್ನು ಮೀರದು. ವಾಸ್ತವದಲ್ಲಿ ಅದಕ್ಕೂ ಕಡಿಮೆ. 52 ವಾಟ್ಸ್ ಬರಬೇಕಾದರೆ ಅಲೆಯ ತಲೆಯು ಪೂರ್ತಿಯಾಗಿ ಕತ್ತರಿಸಲ್ಪಟ್ಟು ಚೌಕವಾಗಬೇಕು. ಅಂದರೆ ಆ ದೊಡ್ಡ ಸಂಖ್ಯೆಯು ಸಂಗೀತವು ಸಂಪೂರ್ಣ ವಿಕೃತವಾದಾಗಿನ ಸಂಖ್ಯೆ. ಶಕ್ತಿಯನ್ನು ಇಮ್ಮಡಿಸಿದರೂ ದೊರೆಯುವುದು 3 ಡೆಸಿಬೆಲ್ ಏರಿಕೆ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಬೇರೆ ಆಂಪ್ಲಿಫೈಯರನ್ನು ಹಾಕಿಸುವುದು ಅಬ್ಬರಕ್ಕಾಗಿ ಆಗಬಾರದು. ತಾರಸ್ಥಾಯಿಯಲ್ಲಿ ಕಂಠವು ಒಡೆಯದಿರಲೆಂಬುದಕ್ಕಾಗಿ ಆಗಬೇಕು. ಹಾಗೆ ಹಾಕಿಸುವಾಗ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು, ತಾಮ್ರದ ಲೇಪವುಳ್ಳ ಅಲ್ಯೂಮಿನಿಯಮ್ಮಿಗೆ ಬದಲಾಗಿ ಅಪ್ಪಟ ತಾಮ್ರದ ವೈರು, ಬಣ್ಣ ಕೆರೆದ ತಗಡಿಗೆ ಬಿಗಿದ ಅರ್ತ್, ಇವು ಮೂರೂ ಕಡ್ಡಾಯ. ಮೊದಲನೆಯದು ಬೆಂಕಿಯಿಂದ ಕಾಯುವುದು, ಕೊನೆಯದು ಎಂಜಿನ್ನಿನೊಡನೆ ಏರಿಳಿಯುವ ಕೀರಲಿನಿಂದ ಕಾಯುವುದು.

ಅಬ್ಬರದ ಬಗ್ಗೆ ಕಾನೂನೂ ಆರೋಗ್ಯಶಾಸ್ತ್ರವೂ ಒಂದೇ ಮಾತನ್ನು ಹೇಳುತ್ತವೆ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ಲಿನ ಮಿತಿಯನ್ನಿಟ್ಟಿವೆ. 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ತಾಳಬಲ್ಲ ಕಿವಿಯು, ಪ್ರತಿ 3 ಡೆಸಿಬೆಲ್ಲಿಗೆ ಕಾಲವು ಅರ್ಧವಾಗುತ್ತ, 100 ಡೆಸಿಬೆಲ್ಲಿನಲ್ಲಿ ಕಾಲು ಗಂಟೆಯನ್ನು ಮಾತ್ರ ತಾಳಬಲ್ಲುದು. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಕೇಳದಷ್ಟು ಹಾಡು ಹಾಕಿಕೊಂಡವನು ಹಾಡನ್ನೂ ಕೇಳುತ್ತಿಲ್ಲ, ರಸ್ತೆಯನ್ನೂ ಕೇಳುತ್ತಿಲ್ಲ. ಬಾಗಿಲಿಗೆ ಡ್ಯಾಂಪಿಂಗ್ ಮಾಡಿಸಿದವರಿಗೆ ರಸ್ತೆಯ ಮೊರೆತವೂ ಕಡಿಮೆಯಾಗಿ, ಅಷ್ಟು ಕಡಿಮೆ ವಾಲ್ಯೂಮಿನಲ್ಲಿಯೇ ಹಾಡು ಸ್ಪಷ್ಟವಾಗುವುದೆಂಬುದು ಇಲ್ಲಿ ನೆನೆಯತಕ್ಕ ವಿಚಾರ.

ಕೆಲಸಗಾರನಿಗೆ ಸಲ್ಲತಕ್ಕದ್ದು

ಕಾರನ್ನು ಅಂಗಡಿಯಿಂದ ತರುವ ಮೊದಲು ಮಾಲೀಕನು ಮಾಡಬಹುದಾದ ಪರೀಕ್ಷೆಗಳು ಸರಳವಾಗಿವೆ. ತನಗೆ ಚೆನ್ನಾಗಿ ಪರಿಚಯವಿರುವ ಏಕಕಂಠದ ಹಾಡೊಂದನ್ನು ಹಾಕಿಸಿ, ಕಣ್ಣು ಮುಚ್ಚಿ ಗಾಯಕನು ಎಲ್ಲಿದ್ದಾನೆಂದು ಬೆರಳು ತೋರಲಿ. ಕಂಠವು ಚದರಿ, ಮಂದ್ರವು ಮಾಯವಾಗಿದ್ದರೆ ಒಂದು ಬಾಗಿಲಿನ ತಂತಿ ತಿರುಗುಮುರುಗಾಗಿರುವ ಸಂಭವವುಂಟು; ಗೋಡೆಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ವೂಫರಿನ ತಂತಿಗೆ ಕ್ಷಣಕಾಲ ಮುಟ್ಟಿಸಿದರೆ ಎರಡು ಬಾಗಿಲ ಕೋನುಗಳೂ ಒಂದೇ ಕಡೆಗೆ ಚಲಿಸಬೇಕು. ತಂಬೂರಿಯ ಶ್ರುತಿಯನ್ನು ಹಾಕಿ ಡೋರ್ ಪ್ಯಾಡಿನ ಮೇಲೆ ಕೈಯಿಟ್ಟರೆ ಎಲ್ಲಿ ಸಡಿಲವಿದೆಯೆಂಬುದು ಕೈಗೇ ತಿಳಿಯುವುದು.

ಆದರೆ ಈ ಪರೀಕ್ಷೆಗಳೆಲ್ಲ ಸಫಲವಾಗಬೇಕಾದರೆ ನಮ್ಮ ರೂಢಿಯೊಂದು ಬದಲಾಗಬೇಕು. ಸ್ಪೀಕರಿನ ಪೆಟ್ಟಿಗೆಗೆ ಹತ್ತು ಸಾವಿರವನ್ನು ಎಣಿಸಿಕೊಡುವವರು, ಅದನ್ನು ಕೂರಿಸುವ ಕೈಗೆ ಐನೂರು ಕೊಡುವಾಗ ಚೌಕಾಸಿ ಮಾಡುತ್ತಾರೆ. ಬಾಗಿಲನ್ನು ಬಿಚ್ಚಿ, ಒರೆಸಿ, ಅಂಟಿಸಿ, ಅಳೆದು, ಕೇಳಿ, ಮತ್ತೆ ಸರಿಪಡಿಸಲು ಬೇಕಾದ ಒಂದಿಡೀ ದಿನವನ್ನು ಕೊಡದೆ, ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸಬೇಕೆಂದು ಅವಸರಪಡಿಸುತ್ತಾರೆ. ನಾದದ ಸೊಗಸು ಸ್ಥಾನದಲ್ಲಿದೆಯೆಂಬುದು ನಿಜವಾದರೆ, ಸ್ಥಾನವನ್ನು ಅರಿತು ನೆಲೆಗೊಳಿಸುವವನ ಶ್ರಮಕ್ಕೆ ಸಾಮಾನಿನ ಬೆಲೆಯೊಡನೆ ತೂಗುವಷ್ಟು ಮರ್ಯಾದೆ ಸಲ್ಲಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕಾರಿನ ಅಲಂಕಾರದ ಅಂಗಡಿಗಳನ್ನಿಟ್ಟು, ಆಟೋ ಎಲೆಕ್ಟ್ರಿಷಿಯನ್ನಿನ ಕೆಲಸವನ್ನು ನೋಡಿ ನೋಡಿಯೇ ಕಲಿತ ತರುಣರಿಗೆ ಕೈಚಳಕದ ಕೊರತೆಯಿಲ್ಲ. ಧ್ವನಿಯ ವೇಗ, ಅಲೆಯ ಉದ್ದ, ಕಾಲಭೇದದ ಲೆಕ್ಕ, ಇಷ್ಟು ವಿದ್ಯೆಯನ್ನು ನಮ್ಮ ತಾಲ್ಲೂಕುಗಳ ಕೈಗಾರಿಕಾ ತರಬೇತಿ ಸಂಸ್ಥೆಗಳು ನಾಲ್ಕು ಪಾಠಗಳಲ್ಲಿ ಕನ್ನಡದಲ್ಲಿಯೇ ಕಲಿಸಿಕೊಡಬಹುದು. ಗಿರಾಕಿಯು ಸಮಯವನ್ನೂ ತಕ್ಕ ಕೂಲಿಯನ್ನೂ ಕೊಡಲು ಕಲಿತು, ಕೆಲಸಗಾರನು ಕಂಪನಿಯ ಹೆಸರಿಗಿಂತ ಮೊದಲು ಅಳತೆಯ ಟೇಪನ್ನು ಕೈಗೆತ್ತಿಕೊಂಡರೆ, ಸಾಧಾರಣ ಬೆಲೆಯ ನಮ್ಮ ಕಾರುಗಳಲ್ಲಿಯೇ ಹಾಡು ತನಗೆ ಯೋಗ್ಯವಾದ ಸ್ಥಾನವನ್ನು ಪಡೆಯುವುದರಲ್ಲಿ ಸಂದೇಹವಿಲ್ಲ.